ಪರದೆ ಮೇಲೆ ಬರೀ ಒಂದು ಓರೆಗೆರೆ

1976ರ ಆಪಲ್-1ರಲ್ಲಿ ರೀಸೆಟ್ ಒತ್ತಿದ್ರೆ ಟಿವಿ ಪರದೆ ಮೇಲೆ ಬರ್ತಿದ್ದದ್ದು ಒಂದು ಓರೆಗೆರೆ, ಅಷ್ಟೇ. ಅದು ಸ್ಟೀವ್ ವೋಜ್ನಿಯಾಕ್ ಬರೆದ ‘ಮಾನಿಟರ್’. ಇಡೀ ಪ್ರೋಗ್ರಾಮೇ 256 ಬೈಟ್!

ಕಾಮರ್ಸ್ ಓದಿದ ನನಗೆ ಮೆಮೊರಿ ಅಂದ್ರೆ ಲೆಡ್ಜರ್ ಥರ. ವಿಳಾಸ ಅಂದ್ರೆ ಪುಟದ ನಂಬರ್. ಅದನ್ನು ಟೈಪ್ ಮಾಡಿದ್ರೆ ಅಲ್ಲಿರೋ ಅಂಕಿ ಕಾಣುತ್ತೆ. ಕೋಲನ್ ಹಾಕಿ ಹೊಸ ಅಂಕಿ ಕೊಟ್ರೆ ಹಳೇದು ಹೋಯ್ತು, ‘ಅಳಿಸಲಾ?’ ಅಂತ ಕೇಳೋರಿಲ್ಲ. ವಿಳಾಸದ ಜೊತೆ ‘ಆರ್’ ಹಾಕಿದ್ರೆ ಪ್ರೋಗ್ರಾಂ ಓಡುತ್ತೆ.

ನಮ್ಮ ಇಂಜಿನಿಯರಿಂಗ್ ಲ್ಯಾಬ್‌ಗಳ 8085 ಕಿಟ್‌ನಲ್ಲೂ ಇದೇ ಕೆಲಸ, ಟಿವಿ ಬದಲು ಆರು ಕೆಂಪು ಅಂಕಿ. ಬ್ಯಾಟರಿ ಇಲ್ಲದ ಕಿಟ್ ಆದ್ರೆ ಕರೆಂಟ್ ಹೋದಾಗ ಚಿಪ್‌ನಲ್ಲಿ ಅಚ್ಚಾದ ಮಾನಿಟರ್ ಮಾತ್ರ ಉಳಿಯುತ್ತೆ. ನೀವು ತುಂಬಿದ್ದು? ನೋಟ್‌ಬುಕ್ ತೆಗೆದು ಮೊದಲ ಅಂಕಿಯಿಂದ ಮತ್ತೆ ಶುರು.