ಶರೀಫರ ಒಂದು ಬೆಡಗಿನ ಪದವೂ ಸಿ. ಅಶ್ವತ್ಥರ ಗಾಯನವೂ

ಶಿಶುನಾಳ ಶರೀಫಸಾಹೇಬರ ತತ್ತ್ವಪದಗಳು ಇಂದು ಕನ್ನಡನಾಡಿನ ಎಲ್ಲೆಡೆಯಲ್ಲಿಯೂ ಕೇಳಿಬರುತ್ತವೆ. ಧಾರವಾಡ ಸೀಮೆಯ ಭಜನೆಯ ಮೇಳಗಳಲ್ಲಿ ಬಾಳಿದ ಈ ಪದಗಳು ಮೈಸೂರು ಸೀಮೆಯ ಮನೆಮನೆಗೆ ಬಂದ ಬಗೆಯನ್ನು ವಿಚಾರಿಸಿದರೆ, ಆ ದಾರಿಯು ಬೆಂಗಳೂರಿನ ಮೂಡಣ ಅಂಚಿನ ಒಂದು ಕಾರ್ಖಾನೆಯ ಬಾಗಿಲನ್ನು ಹಾದುಬಂದಿರುವುದು ಕಾಣುತ್ತದೆ. 1948ರಲ್ಲಿ ಹಳೆಯ ಮದರಾಸು ರಸ್ತೆಯಲ್ಲಿ, ಕೃಷ್ಣರಾಜಪುರದ ಬಳಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪಿತವಾಗಲು ಆ ಪ್ರದೇಶಕ್ಕೆ ದೂರವಾಣಿನಗರವೆಂದೇ ಹೆಸರಾಯಿತು. ವೈಟ್‌ಫೀಲ್ಡಿಗೆ ಗಣಕಯಂತ್ರದ ಉದ್ಯಮಗಳು ಬರುವುದಕ್ಕೆ ಬಹುಕಾಲ ಮುಂಚಿನ ಮಾತಿದು. ಆ ಕಾರ್ಖಾನೆಯಲ್ಲಿ 27 ವರ್ಷ ಸೇವೆ ಸಲ್ಲಿಸಿ 1992ರಲ್ಲಿ ನಿವೃತ್ತರಾದವರು ಗಾಯಕ ಸಿ. ಅಶ್ವತ್ಥರು.

ಅಶ್ವತ್ಥರು ಜನಿಸಿದುದು 1939ನೆಯ ಡಿಸೆಂಬರ್ 29ರಂದು, ಚನ್ನರಾಯಪಟ್ಟಣದಲ್ಲಿ. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತವನ್ನು ಅಭ್ಯಾಸಮಾಡಿದರು. ಮಾಸ್ತಿಯವರ ನಾಟಕದಿಂದ ಹುಟ್ಟಿದ ‘ಕಾಕನಕೋಟೆ’ ಚಿತ್ರಕ್ಕೆ ಸಂಗೀತವನ್ನಿತ್ತರು. ಭಜನೆಯ ಮೇಳದಲ್ಲಿ ಬೆಳೆದವರಲ್ಲವಾದುದರಿಂದ ಇವರನ್ನು ಜಾನಪದ ಗಾಯಕರೆನ್ನುವುದು ಶಾಸ್ತ್ರತಃ ಸಲ್ಲದು. ಜನರು ಮಾತ್ರ ಹಾಗೆಯೇ ಎಣಿಸಿದರು. ಇದಕ್ಕೆ ಕಾರಣ ಶರೀಫರ ಪದಗಳು. ಆ ಪದಗಳತ್ತ ಇವರ ಲಕ್ಷ್ಯವನ್ನು ಸೆಳೆದವರು ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು. ಅವುಗಳಲ್ಲಿ ‘ಕೋಡಗನ ಕೋಳಿ ನುಂಗಿತ್ತಾ’ ಎಂಬುದು ಅಶ್ವತ್ಥರ ಹೆಸರಿಗೆ ಅಂಟಿಕೊಂಡಿತು.

ಈ ಪದದ ಅರ್ಥದಲ್ಲಿ ನಗರದ ಶ್ರೋತೃಗಳು ಎಡವುವುದುಂಟು. ‘ಕೋಡಗನ’ ಎಂಬುದನ್ನು ಷಷ್ಠಿಯೆಂದು ಬಗೆದರೆ ‘ಕೋತಿಯ ಕೋಳಿ’ ಎಂದಾಗಿ, ಅದು ಏನನ್ನು ನುಂಗಿತೆಂಬುದೇ ತಿಳಿಯದು. ಇಲ್ಲಿ ಅದು ಆಡುನುಡಿಯ ದ್ವಿತೀಯೆ. ನುಂಗಿದ್ದು ಕೋಳಿ, ನುಂಗಿಸಿಕೊಂಡದ್ದು ಕೋಡಗ. ಮುಂದಿನ ನುಡಿಗಳೇ ಇದಕ್ಕೆ ಸಾಕ್ಷಿ: ಆಡು ಆನೆಯನ್ನೂ, ಒರಳು ಒನಕೆಯನ್ನೂ, ನೊಣವು ಮುದುಕಿಯನ್ನೂ ನುಂಗುತ್ತವೆ. ಅಲ್ಲಮನ ಬೆಡಗಿನ ವಚನಗಳಿಗೂ ಕಬೀರನ ವಿಪರೀತೋಕ್ತಿಗಳಿಗೂ ಇದು ಸಮೀಪವಾದ ಮಾರ್ಗ. ಕಡೆಯಲ್ಲಿ ಗುರು ಗೋವಿಂದಭಟ್ಟರ ಪಾದವು ಹಾಡುವವನನ್ನೇ ನುಂಗುತ್ತದೆ. ಅಹಂಕಾರದ ಲಯವೇ ಪದದ ತಾತ್ಪರ್ಯ. ಮೇಳದಲ್ಲಿ ಒಗಟನ್ನು ಒಡೆದು ಹೇಳಲು ಬಲ್ಲವರಿರುತ್ತಿದ್ದರು, ಧ್ವನಿಸುರುಳಿಯಲ್ಲಿ ಅಂತಹವರಿಲ್ಲ. ಆದುದರಿಂದ ಅನೇಕರಿಗೆ ಇದು ಮಕ್ಕಳ ವಿನೋದವಾಗಿಯೇ ಉಳಿದಿದೆ. ಆದರೂ ಅಶ್ವತ್ಥರು ಭಾವಗೀತದ ಮೆಲುದನಿಯನ್ನು ಬಿಟ್ಟು ಏರುಕಂಠದಲ್ಲಿ ಕೂಗಿ ಹಾಡಿದುದು ಪದದ ಸ್ವಭಾವಕ್ಕೆ ಒಪ್ಪಿತು. ನಯಗೊಳಿಸಿದ್ದರೆ ಬೆಡಗು ಸಾಯುತ್ತಿತ್ತು.

1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಅಶ್ವತ್ಥರು ಸಂಗೀತವನ್ನೊದಗಿಸಿದಾಗ ಇನ್ನೂ ಕಾರ್ಖಾನೆಯ ನೌಕರಿಯಲ್ಲಿಯೇ ಇದ್ದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗಿಸ್ ದತ್ ಪ್ರಶಸ್ತಿಯು ಆ ಚಿತ್ರಕ್ಕೆ ದೊರೆಯಿತು. 2005ರಲ್ಲಿ ಬೆಂಗಳೂರಿನ ಅರಮನೆಯ ಮೈದಾನದಲ್ಲಿ ನಡೆದ ‘ಕನ್ನಡವೇ ಸತ್ಯ’ಕ್ಕೆ ಜನಸಾಗರವೇ ನೆರೆದಿತ್ತು.

ಪರರ ಪದವನ್ನು ಹಾಡಿ ಹೆಸರಾಗುವುದು ಅನುಕರಣವಲ್ಲವೇ ಎಂಬ ಆಕ್ಷೇಪವು ತತ್ತ್ವಪದದ ವಿಷಯದಲ್ಲಿ ನಿಲ್ಲದು. ಕರ್ತೃವನ್ನು ಅಂಕಿತವು ಕಾಯುತ್ತದೆ. ಮಟ್ಟನ್ನು ಕಾಯುವುದಕ್ಕೆ ಏನೂ ಇಲ್ಲ, ಅದು ಹಾಡುವವನ ಕಂಠಕ್ಕೆ ಬಿಟ್ಟದ್ದು. ತೊಡಕು ಬೇರೆಡೆಯಲ್ಲಿದೆ. ಧ್ವನಿಮುದ್ರಣವು ಒಬ್ಬರ ಮಟ್ಟನ್ನೇ ಸ್ಥಿರಗೊಳಿಸುವುದರಿಂದ, ಉಳಿದ ಮಟ್ಟುಗಳು ತಪ್ಪೆಂಬಂತೆ ಕೇಳಿಸತೊಡಗುತ್ತವೆ. ಮೇಳಗಳ ಹಾಡಿಕೆಯನ್ನು ಊರೂರಿನಲ್ಲಿ ಸಂಗ್ರಹಿಸಿಡುವ ಕಾರ್ಯವು ಆದುದರಿಂದ ತ್ವರಿತವಾಗಿ ನಡೆಯತಕ್ಕುದು. ಅಶ್ವತ್ಥರ ಮಟ್ಟಿಗಾದರೋ ಅಂಕಿತವಿಲ್ಲ. ಅದನ್ನು ಶರೀಫರದೇ ಎಂದು ನಂಬಿ ಹಾಡುವವರು ಬಹುಮಂದಿ. ಅವರು ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ, 2009ನೆಯ ಡಿಸೆಂಬರ್ 29ರಂದು, ಬೆಂಗಳೂರಿನಲ್ಲಿ ತೀರಿಕೊಂಡರು.