ಜೀರ್ಣೋದ್ಧಾರವೂ ಅನುಪಾಲನೆಯೂ: ಅಠಾರಾ ಕಚೇರಿಯ ರಕ್ಷಣೆಯನ್ನು ಕುರಿತ ಒಂದು ವಿಚಾರ

ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜವು ಸುಪರಿಚಿತವಾದುದು. ಮುರಿದುದು ಖಂಡ, ಬಿರುಕುಬಿಟ್ಟುದು ಸ್ಫುಟಿತ, ಕಾಲವಶದಿಂದ ಸವೆದುದು ಜೀರ್ಣ. ದೇವಾಲಯಕ್ಕಾಗಲಿ ಬಸದಿಗಾಗಲಿ ಭೂಮಿಯನ್ನು ಬಿಡುವಾಗ ದಾತೃವು ಅಂಗಭೋಗ, ರಂಗಭೋಗ, ನೈವೇದ್ಯ, ಆಹಾರದಾನಗಳೊಡನೆ ಈ ಕಾರ್ಯಕ್ಕೂ ಆದಾಯವನ್ನು ನಿಯಮಿಸುತ್ತಿದ್ದನು. ಕಟ್ಟಡವು ಹೊಸದಾಗಿರುವಾಗಲೇ ಅದರ ಶಿಥಿಲತೆಯನ್ನು ಊಹಿಸಿ, ದುರಸ್ತಿಯ ವೆಚ್ಚಕ್ಕೆ ದಾರಿಮಾಡುವ ಈ ದೂರದೃಷ್ಟಿಯು ಗಮನಾರ್ಹವಾದುದು.

ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವೂ ಅಷ್ಟೇ ವಿಚಾರಯೋಗ್ಯವಾಗಿದೆ. ಧರ್ಮವನ್ನು ಕೆಡಿಸಿದವನು ವಾರಾಣಸಿಯಲ್ಲಿ, ಕುರುಕ್ಷೇತ್ರದಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಮಾತು ಕೇವಲ ಕಳ್ಳಕಾಕರನ್ನು ಉದ್ದೇಶಿಸಿದುದಲ್ಲ. ತನ್ನ ವಂಶದಲ್ಲಿಯೇ ಹುಟ್ಟುವ ಅರಸರನ್ನೂ, ಪರವಂಶದಿಂದ ಬಂದು ಆ ನೆಲವನ್ನಾಳುವ ಅರಸರನ್ನೂ ಕುರಿತು ದಾತೃವು ಪ್ರಾರ್ಥಿಸುವುದುಂಟು. ದಾನಕ್ಕಿಂತ ಅನುಪಾಲನೆಯೇ ಶ್ರೇಯಸ್ಕರವೆಂಬ ಸ್ಮೃತಿವಚನವನ್ನು ಶಾಸನಕಾರರು ಮತ್ತೆ ಮತ್ತೆ ಕೆತ್ತಿಸಿದುದು ಈ ಕಾರಣದಿಂದಲೇ. ಅಪಾಯವು ಬರುವುದು ಮುಂದೆ ಅಧಿಕಾರಕ್ಕೆ ಬರುವವರಿಂದ ಎಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಆದುದರಿಂದಲೇ ಧರ್ಮದ ರಕ್ಷಣೆಯನ್ನು ಊರ ಮಹಾಜನಂಗಳು, ನಖರಂಗಳು, ಸ್ಥಾನಿಕರು ಮೊದಲಾದ ಸ್ಥಳೀಯರ ಕೈಗೂ ಒಪ್ಪಿಸುತ್ತಿದ್ದರು. ಹೀಗೆ ಹಳೆಯ ವ್ಯವಸ್ಥೆಯಲ್ಲಿ ಮೂರು ಅಂಗಗಳು ಕಂಡುಬರುತ್ತವೆ: ಆಳುವವನನ್ನು ಕಟ್ಟಿಹಾಕುವ ವಚನ, ಸ್ಥಳೀಯರ ಕಾವಲು, ದುರಸ್ತಿಗೆ ಮೀಸಲಾದ ಧನ. ಪುರಾತನ ಕಟ್ಟಡಗಳನ್ನು ಕೆಡಹುವುದರ ವಿರುದ್ಧ ಈಚಿನ ಕಾಲದಲ್ಲಿ ನಡೆದ ಸ್ಥಳೀಯ ಹೋರಾಟಗಳನ್ನು ಈ ಮೂರು ಅಂಗಗಳ ದೃಷ್ಟಿಯಿಂದ ನೋಡಿದರೆ ಅವುಗಳ ಬಲವೂ ದೌರ್ಬಲ್ಯವೂ ಸ್ಪಷ್ಟವಾಗುವುವು.

ಇಂಗ್ಲಿಷರ ಆಳಿಕೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿ ಮೊದಲು ಹೊರಟ ವಿಧಿಗಳು 1810ರ ಬಂಗಾಳದ ರೆಗ್ಯುಲೇಷನ್ ಮತ್ತು 1817ರ ಮದರಾಸಿನ ರೆಗ್ಯುಲೇಷನ್. ಸಾರ್ವಜನಿಕ ಕಟ್ಟಡಗಳು ದುರುಪಯೋಗವಾಗುವಂತಿದ್ದರೆ ಸರ್ಕಾರವು ಅಡ್ಡಬರಬಹುದೆಂದು ಅವು ವಿಧಿಸಿದುವು. ಅನಂತರ 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಕಾಯಿದೆಯೂ, ಸ್ವಾತಂತ್ರ್ಯಾನಂತರ 1958ರಲ್ಲಿ ಕೇಂದ್ರದ ಕಾಯಿದೆಯೂ, 1961ರಲ್ಲಿ ಈ ರಾಜ್ಯದ ಕಾಯಿದೆಯೂ ಜಾರಿಗೆ ಬಂದುವು. ಇವೆಲ್ಲಕ್ಕೂ ಸಾಮಾನ್ಯವಾದ ಲಕ್ಷಣವೊಂದುಂಟು. ರಕ್ಷಕನು ಸರ್ಕಾರ, ಭಕ್ಷಕನು ಬೇರೆ ಯಾರೋ ಎಂಬುದೇ ಇವುಗಳ ಭಾವನೆ. ರಕ್ಷಕನೇ ಹಾರೆಯನ್ನು ಹಿಡಿದು ನಿಂತರೆ ಗತಿಯೇನೆಂಬ ಪ್ರಶ್ನೆಗೆ ಇವುಗಳಲ್ಲಿ ನೇರವಾದ ಉತ್ತರವಿಲ್ಲ. ಬೆಂಗಳೂರಿನ ಅಠಾರಾ ಕಚೇರಿಯ ವಿಷಯದಲ್ಲಿ ಎದ್ದ ಪ್ರಶ್ನೆಯು ಇದೇ.

ಈ ಕಚೇರಿಯ ಹೆಸರು ಕಟ್ಟಡಕ್ಕಿಂತ ಬಹಳ ಹಳೆಯದು. ‘ಅಠಾರಾ’ ಎಂದರೆ ಹಿಂದೂಸ್ಥಾನಿಯಲ್ಲಿ ಹದಿನೆಂಟು. 1673ರಿಂದ 1704ರವರೆಗೆ ಮೈಸೂರನ್ನಾಳಿದ ಚಿಕ್ಕದೇವರಾಜ ಒಡೆಯರು ರಾಜ್ಯದ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿದರೆಂದು ಇತಿಹಾಸಕಾರನಾದ ವಿಲ್ಕ್ಸನು ಬರೆದಿದ್ದಾನೆ. ಔರಂಗಜೇಬನ ಆಸ್ಥಾನಕ್ಕೆ ಹೋಗಿಬಂದ ರಾಯಭಾರದ ಪರಿಣಾಮವಾಗಿ ಈ ಏರ್ಪಾಡು ಆಯಿತೆಂಬುದು ಅವನ ಅಭಿಪ್ರಾಯ. ಈ ಅಭಿಪ್ರಾಯವು ಹೇಗಾದರೂ ಇರಲಿ, ಹೆಸರು ಮಾತ್ರ ಉಳಿದುಬಂದಿತು. 1831ರಲ್ಲಿ ಸಂಸ್ಥಾನದ ಆಡಳಿತವು ಕಮೀಷನರ ವಶಕ್ಕೆ ಹೋದಮೇಲೆ ಕಚೇರಿಗಳು ಬೆಂಗಳೂರಿನ ಕೋಟೆಯೊಳಗೆ, 1791ರಲ್ಲಿ ಮುಗಿದಿದ್ದ ಟಿಪ್ಪುವಿನ ಅರಮನೆಯಲ್ಲಿ ನೆಲಸಿದುವು. ಬೌರಿಂಗನು ಕಮೀಷನರಾಗಿದ್ದ ಕಾಲದಲ್ಲಿ, 1864ರಿಂದ 1868ರವರೆಗೆ, ಹೊಸ ಕಟ್ಟಡವು ಎದ್ದಿತು. ಕಟ್ಟಿಸಿದ ಗುತ್ತಿಗೆದಾರರು, ಮುಂದೆ 1873ರಲ್ಲಿ ವಿದ್ಯಾಶಾಲೆಯೊಂದನ್ನು ಸ್ಥಾಪಿಸಿ ದಾನಶೀಲರೆಂದು ಪ್ರಸಿದ್ಧರಾದ ರಾಯ್ ಬಹದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಗ್ರೀಕ್ ಪದ್ಧತಿಯ ಸುರುಳಿ ಬೋದಿಗೆಗಳುಳ್ಳ ಕಂಬಗಳೂ ಕೆಂಪು ಬಣ್ಣದ ಉದ್ದವಾದ ಮುಖಭಾಗವೂ ಈ ಎರಡಂತಸ್ತಿನ ಕಟ್ಟಡದ ವೈಶಿಷ್ಟ್ಯಗಳು. 1868ರಲ್ಲಿ ಕಚೇರಿಗಳು ಇಲ್ಲಿಗೆ ಬಂದಾಗ ಹಳೆಯ ಹೆಸರೂ ಜೊತೆಯಲ್ಲಿ ಬಂದಿತು. 1956ರಲ್ಲಿ ಎದುರುಗಡೆ ವಿಧಾನಸೌಧವು ಸಿದ್ಧವಾಗಿ ಸಚಿವಾಲಯವು ಅಲ್ಲಿಗೆ ಹೋದಮೇಲೆ ಈ ಕಟ್ಟಡವು ಹೈಕೋರ್ಟಿನ ಸ್ಥಾನವಾಯಿತು.

ಇಂತಹ ಕಟ್ಟಡವನ್ನು ಕೆಡಹಬೇಕೆಂಬ ಪ್ರಸ್ತಾಪವು 1982ರಲ್ಲಿ ಹೊರಟಿತು. ಅದು ಪಾಳುಬಿದ್ದ ಗುಡಿಯಲ್ಲ. ದಿನವೂ ಸಾವಿರಾರು ಜನರು ಬಂದುಹೋಗುವ ಸ್ಥಳ. ಬಳಕೆಯಲ್ಲಿರುವ ಕಟ್ಟಡವನ್ನು ‘ಸ್ಮಾರಕ’ವೆಂದು ಭಾವಿಸುವ ರೂಢಿಯೂ ಆಗ ವಿಶೇಷವಾಗಿರಲಿಲ್ಲ. ಆದರೂ ನಗರದ ಜನರು ಪ್ರತಿಭಟಿಸಿದರು; ವಿಷಯವು ನ್ಯಾಯಾಲಯದ ಮುಂದೆ ಬಂದಿತು. ಇದಕ್ಕೆ ಕಾಲವೂ ಅನುಕೂಲವಾಗಿದ್ದಿತು. ಅದಕ್ಕೆ ಮೊದಲು, ಸ್ವಂತ ಹಕ್ಕಿಗೆ ಚ್ಯುತಿ ಬಂದವನು ಮಾತ್ರ ದಾವೆಗೆ ಅರ್ಹನೆಂಬ ನಿಯಮವೇ ಪ್ರಬಲವಾಗಿದ್ದಿತು. 1981ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರ ವರ್ಗಾವಣೆಯ ಮೊಕದ್ದಮೆಯಲ್ಲಿ, ಸದುದ್ದೇಶದಿಂದ ಬಂದ ಯಾವ ನಾಗರಿಕನೂ ಸಾರ್ವಜನಿಕ ಹಿತಕ್ಕಾಗಿ ಅರ್ಜಿ ಹಾಕಬಹುದೆಂದು ಎತ್ತಿಹಿಡಿದಿದ್ದಿತು. ಒಡೆಯನಲ್ಲದವನಿಗೂ ಕಾಯುವ ಅಧಿಕಾರವುಂಟೆಂಬ ಈ ತತ್ತ್ವವು, ಶಾಸನಗಳಲ್ಲಿ ಮಹಾಜನಂಗಳಿಗೆ ಕೊಟ್ಟ ಅಧಿಕಾರದ ಹೊಸ ರೂಪವೆಂದರೆ ಅತಿಶಯೋಕ್ತಿಯಾಗಲಾರದು. ಯಾವ ಕಟ್ಟಡದ ಅಳಿವು ಉಳಿವು ವಿಚಾರಣೆಗೆ ಬಂದಿತೋ ಆ ಕಟ್ಟಡದೊಳಗೆಯೇ ವಾದವು ನಡೆದುದು ಈ ಪ್ರಕರಣದ ವಿಶೇಷ. ಕಟ್ಟಡವು ಉಳಿಯಿತು. ಹೈಕೋರ್ಟಿಗೆ ಬೇಕಾದ ಹೆಚ್ಚಿನ ಸ್ಥಳವು ಅದರ ಹಿಂದುಗಡೆ ದೊರಕಿತು. ಹಳೆಯದನ್ನು ಕೆಡಹದೆ ಹೊಸ ಅಗತ್ಯವನ್ನು ಪೂರೈಸಲಾಗದೆಂಬ ವಾದವು ಅನುಭವದಿಂದಲೇ ನಿರಾಕೃತವಾಯಿತು.

ಇದೇ ಬಗೆಯ ಪ್ರಸಂಗವು ಮೂರು ದಶಕಗಳಿಗೂ ಮಿಕ್ಕಿದ ಕಾಲಾನಂತರ ಹೈದರಾಬಾದಿನಲ್ಲಿ ನಡೆಯಿತು. ಅಲ್ಲಿ 1870ರ ಸುಮಾರಿನಲ್ಲಿ ನವಾಬ್ ಫಕ್ರುಲ್ ಮುಲ್ಕನು ಕಟ್ಟಿಸಿದ ಇರ್ರಂ ಮಂಜಿಲ್ ಎಂಬ ಅರಮನೆಯನ್ನು ಕೆಡಹಿ, ಆ ಸ್ಥಳದಲ್ಲಿ ಶಾಸನಸಭೆಯ ಹೊಸ ಭವನವನ್ನು ಕಟ್ಟಬೇಕೆಂದು ತೆಲಂಗಾಣದ ಮಂತ್ರಿಮಂಡಲವು 2019ರ ಜೂನಿನಲ್ಲಿ ನಿರ್ಧರಿಸಿತು. ನಾಗರಿಕರು ಅರ್ಜಿ ಹಾಕಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿಯ ಹೈಕೋರ್ಟು ಆ ನಿರ್ಧಾರವನ್ನು ರದ್ದುಮಾಡಿತು. ಎರಡು ಕಡೆಯೂ ಕೆಡಹಲು ಹೊರಟದ್ದು ಆಳುವ ಅಧಿಕಾರವೇ, ತಡೆದವರು ಸ್ಥಳೀಯರೇ.

ಆದರೆ ಈ ಜಯಗಳಲ್ಲಿ ದೊರೆತುದು ಮೊದಲು ಹೇಳಿದ ಮೂರು ಅಂಗಗಳಲ್ಲಿ ಎರಡು ಮಾತ್ರ. ಮೂರನೆಯದರ ಅಭಾವವು ಮೈಸೂರಿನಲ್ಲಿ ದಾರುಣವಾಗಿ ಪ್ರಕಟವಾಯಿತು. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಕಟ್ಟಿದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಮೃತರಾದರು. ಹಳೆಯ ಪುಸ್ತಕಗಳ ಅಂಗಡಿಗಳಿಂದಾಗಿ ಅದು ವಿದ್ಯಾರ್ಥಿಗಳಿಗೂ ಪಂಡಿತರಿಗೂ ಪ್ರಿಯವಾಗಿದ್ದ ಸ್ಥಳ. 2016ರ ಆಗಸ್ಟಿನಲ್ಲಿ ಸಮೀಪದ ದೇವರಾಜ ಮಾರುಕಟ್ಟೆಯ ಉತ್ತರದ್ವಾರದ ಭಾಗವೂ ಬಿದ್ದಿತು. ಕೆಡಹಿ ಹೊಸದಾಗಿ ಕಟ್ಟಬೇಕೆಂದು ನಗರಪಾಲಿಕೆಯೂ, ದುರಸ್ತಿಮಾಡಿ ಉಳಿಸಬೇಕೆಂದು ಪರಂಪರೆಯ ಅಭಿಮಾನಿಗಳೂ ವಾದಿಸಿದರು. ತಜ್ಞರಲ್ಲಿಯೂ ಅಭಿಪ್ರಾಯಭೇದವುಂಟಾಗಿ, ವಿವಾದವು ನ್ಯಾಯಾಲಯಕ್ಕೆ ಹೋಯಿತು. ಬೆಂಗಳೂರಿನ ಲಾಲ್‌ಬಾಗಿನಲ್ಲಿದ್ದ ಕೃಂಬಿಗಲ್ ಭವನವು ದುರಸ್ತಿಯಿಲ್ಲದೆ ಶಿಥಿಲವಾಗಿ, 2017ರ ನವೆಂಬರಿನಲ್ಲಿ ನೆಲಸಮವಾಯಿತು. ಶಿಥಿಲವಾದ ಮೇಲೆ ಅಪಾಯಕಾರಿಯೆಂದೂ, ಅಪಾಯಕಾರಿಯಾದುದರಿಂದ ಕೆಡಹತಕ್ಕದ್ದೆಂದೂ ನಡೆಯುವ ತರ್ಕದಲ್ಲಿ, ಶಿಥಿಲವಾದುದೇಕೆಂಬ ಮೊದಲ ಪ್ರಶ್ನೆಯು ಕಣ್ಮರೆಯಾಗುತ್ತದೆ. ಮನುಷ್ಯರ ಪ್ರಾಣವು ಗೋಡೆಗಿಂತ ದೊಡ್ಡದೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಆದರೆ ಆ ಪ್ರಾಣಹಾನಿಗೆ ಕಾರಣವು ಕಟ್ಟಡದ ವಯಸ್ಸಲ್ಲ, ಉಪೇಕ್ಷೆ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಜೀರ್ಣವಾದುದನ್ನು ತೆಗೆದು ಹೊಸದನ್ನು ಸ್ಥಾಪಿಸಲು ಶಾಸ್ತ್ರವೇ ಅನುಮತಿಸುವುದಷ್ಟೆ? ಅಗ್ನಿಪುರಾಣದಲ್ಲಿ ಜೀರ್ಣೋದ್ಧಾರವಿಧಿಯುಂಟು, ಮಯಮತದಲ್ಲಿಯೂ ಜೀರ್ಣವಾದುದನ್ನು ಸರಿಪಡಿಸುವ ಪ್ರಕರಣವುಂಟು. ಇದು ನಿಜ. ಆದರೆ ಆ ಅನುಮತಿಯು ನಿರಂಕುಶವಾದುದಲ್ಲ. ಹಿಂದಿನದು ಯಾವ ದ್ರವ್ಯದಿಂದಾಗಿತ್ತೋ, ಯಾವ ಪ್ರಮಾಣದಲ್ಲಿತ್ತೋ, ಹೊಸದೂ ಹಾಗೆಯೇ ಇರತಕ್ಕದ್ದೆಂಬುದು ಅಲ್ಲಿಯ ನಿರ್ಬಂಧ. ಉದ್ಧಾರವೆಂದರೆ ಮೇಲಕ್ಕೆತ್ತುವುದೇ ಹೊರತು ಬೇರೊಂದನ್ನು ತಂದು ನಿಲ್ಲಿಸುವುದಲ್ಲ. ಸುಣ್ಣದ ಗಾರೆಯ ಕಟ್ಟಡವನ್ನು ಕೆಡಹಿ ಸಿಮೆಂಟಿನ ಬಹುಮಹಡಿಯನ್ನು ನಿಲ್ಲಿಸುವವರಿಗೆ ಈ ಶಾಸ್ತ್ರದಲ್ಲಿ ಆಶ್ರಯವಿಲ್ಲ.

ಇದುವರೆಗಿನ ವಿಚಾರದಿಂದ ಫಲಿಸುವ ಅಂಶವಿಷ್ಟು. ಅಠಾರಾ ಕಚೇರಿಯ ಪ್ರಕರಣವು ಊರವರ ಕಾವಲನ್ನು ನ್ಯಾಯಮಾರ್ಗದಲ್ಲಿ ಪುನಃ ಸ್ಥಾಪಿಸಿತು. ಅಧಿಕಾರದಲ್ಲಿರುವವರೂ ಅನುಪಾಲನೆಗೆ ಬದ್ಧರೆಂಬುದನ್ನು ಅದು ತೋರಿಸಿತು. ಆದರೆ ತಡೆಯಾಜ್ಞೆಯು ಹಾರೆಯನ್ನು ನಿಲ್ಲಿಸಬಲ್ಲುದು; ಮಳೆಯ ನೀರನ್ನು ನಿಲ್ಲಿಸಲಾರದು. ಅಶ್ವತ್ಥದ ಬೇರು ಯಾವ ತೀರ್ಪನ್ನೂ ಓದುವುದಿಲ್ಲ. ಹಳೆಯ ಕಟ್ಟಡವನ್ನು ಉಳಿಸಬೇಕೆಂದು ಹೋರಾಡುವವರು ಕೆಡಹಬಾರದೆಂಬ ಆಜ್ಞೆಯೊಡನೆ, ವರ್ಷವರ್ಷವೂ ತಪ್ಪದೆ ಒದಗುವ ದುರಸ್ತಿಯ ಧನವನ್ನೂ ಕೇಳಿ ಪಡೆಯುವುದು ಅವಶ್ಯಕ. ಗದ್ದೆಯ ಗಡಿಯನ್ನೂ ಬಿತ್ತುವ ಬೀಜದ ಅಳತೆಯನ್ನೂ ಹೇಳಿ, ‘ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ’ ಎಂದು ಶಿಲೆಯಲ್ಲಿ ಕೆತ್ತಿಸಿದ ಪೂರ್ವಿಕರು ಹಾಕಿಕೊಟ್ಟ ಮಾರ್ಗವು ಅದೇ.