ನಿನ್ನೆಯ ಆಟಕ್ಕೆ ನಾಳೆಯ ದುಡ್ಡು: ಏಂಜಲ್ಸ್ ತಂಡದ ದುಬಾರಿ ಚಳಿಗಾಲಗಳು

ಇವತ್ತಿನ ಕತೆ ಬೇಸ್‌ಬಾಲ್‌ದು. ಆಟ ಗೊತ್ತಿಲ್ಲ ಅಂತ ಸ್ಕಿಪ್ ಮಾಡ್ಬೇಡಿ, ಯಾಕಂದ್ರೆ ನಾವು ಮೈದಾನಕ್ಕೆ ಇಳಿಯೋದೇ ಕಡಿಮೆ. ಸೀಸನ್ ಮುಗಿದು, ಚಳಿಗಾಲದಲ್ಲಿ ಮಾಲೀಕರು ಚೆಕ್‌ಬುಕ್ ತೆಗೀತಾರಲ್ಲ, ಆ ಹೊತ್ತಿನ ಕತೆ ಇದು.

2011ರ ಡಿಸೆಂಬರ್ 8. ಲಾಸ್ ಏಂಜಲೀಸ್ ಏಂಜಲ್ಸ್ ತಂಡ ಒಂದೇ ದಿನ ಇಬ್ಬರನ್ನ ಕೊಂಡುಕೊಂಡಿತು. ಆಲ್ಬರ್ಟ್ ಪುಹೋಲ್ಸ್‌ಗೆ 10 ವರ್ಷಕ್ಕೆ 24 ಕೋಟಿ ಡಾಲರ್. ಪಿಚರ್ ಸಿ.ಜೆ. ವಿಲ್ಸನ್‌ಗೆ 5 ವರ್ಷಕ್ಕೆ 7.75 ಕೋಟಿ ಡಾಲರ್. ಅವತ್ತು ಅಭಿಮಾನಿಗಳಿಗೆ ಹಬ್ಬ. ಆದರೆ ಆ ಹಬ್ಬದ ಬಿಲ್ 2021ರವರೆಗೂ ಬರ್ತಾನೇ ಇತ್ತು.

ಇದು ಅರ್ಥವಾಗಬೇಕಂದ್ರೆ ‘ಫ್ರೀ ಏಜೆಂಟ್’ ಅಂದ್ರೆ ಯಾರು ಅಂತ ತಿಳೀಬೇಕು. ಐಪಿಎಲ್‌ನಲ್ಲಿ ಹರಾಜಿದೆ, ಪ್ರತಿ ತಂಡದ ಪರ್ಸ್‌ಗೆ ಮಿತಿ ಇದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹರಾಜಿಲ್ಲ. ಖರ್ಚಿಗೆ ಗಟ್ಟಿ ಮಿತಿಯೂ ಇಲ್ಲ. ಒಂದು ಗೆರೆ ದಾಟಿದರೆ ತೆರಿಗೆ ಕಟ್ಟಬೇಕು, ಅಷ್ಟೇ. ಒಪ್ಪಂದಕ್ಕೆ ಸಹಿ ಬಿತ್ತು ಅಂದ್ರೆ, ಆಟಗಾರ ಗಾಯಗೊಂಡು ಮನೇಲಿ ಕೂತರೂ ದುಡ್ಡು ಕೊಡಲೇಬೇಕು.

ಮೊದಲು ಹೀಗಿರಲಿಲ್ಲ. ಸುಮಾರು ನೂರು ವರ್ಷ ಆಟಗಾರ ಒಂದು ತಂಡದ ಸ್ವತ್ತಿನ ಹಾಗೆ ಇದ್ದ. 1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಫಿಲಡೆಲ್ಫಿಯಾಕ್ಕೆ ಸಾಗಹಾಕಿದಾಗ ಆತ ‘ಹೋಗಲ್ಲ’ ಅಂದ. ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1972ರಲ್ಲಿ ಸೋತ. ಮೂರು ವರ್ಷದ ನಂತರ, 1975ರ ಡಿಸೆಂಬರ್‌ನಲ್ಲಿ, ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರ ಬೇರೆ ಇಬ್ಬರು ಆಟಗಾರರ ಪರ ತೀರ್ಪು ಕೊಟ್ಟು ಆ ಸರಪಳಿ ಕಡಿದರು. ಆಮೇಲೆ ಮಾಲೀಕರು ಮತ್ತು ಆಟಗಾರರ ಸಂಘ ಕೂತು ಒಂದು ನಿಯಮ ಮಾಡಿಕೊಂಡರು: ದೊಡ್ಡ ಲೀಗ್‌ನಲ್ಲಿ ಆರು ವರ್ಷ ಆಡಿದ ಮೇಲೆ ನಿನ್ನ ದಾರಿ ನಿನಗೆ.

ಈ ಆರು ವರ್ಷದಲ್ಲೇ ಇರೋದು ಗುಟ್ಟು. ಹುಡುಗ ಚಿಗುರುವ ವಯಸ್ಸಿನಲ್ಲಿ ಅಗ್ಗಕ್ಕೆ ಆಡ್ತಾನೆ. ಮಾರುಕಟ್ಟೆಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮೂವತ್ತರ ಆಸುಪಾಸು. ಅಂದ್ರೆ ಮಾಲೀಕ ಚಳಿಗಾಲದಲ್ಲಿ ಹೆಚ್ಚಾಗಿ ಕೊಳ್ಳೋದು ಆಟಗಾರನ ನಿನ್ನೆಯನ್ನ. ಕೊಡೋದು ಮಾತ್ರ ನಾಳೆಯ ದುಡ್ಡು.

ಪುಹೋಲ್ಸ್‌ರನ್ನೇ ನೋಡಿ. ಕಾರ್ಡಿನಲ್ಸ್‌ನಲ್ಲಿ ಹನ್ನೊಂದು ವರ್ಷ, ಸರಾಸರಿ .328, ಮೂರು ಎಂವಿಪಿ ಪ್ರಶಸ್ತಿ. ಆದರೆ 2011ರಲ್ಲಿ ಮೊದಲ ಬಾರಿಗೆ ಸರಾಸರಿ .300ಕ್ಕಿಂತ ಕೆಳಗಿಳಿದು .299 ಆಗಿತ್ತು. ಸಣ್ಣ ಬಿರುಕು, ಆದರೆ ಇತ್ತು. ಮುಂದಿನ ತಿಂಗಳೇ ಅವರಿಗೆ 32 ತುಂಬಲಿತ್ತು. ಇಷ್ಟಾದರೂ ಸಂಬಳ ವರ್ಷ ಹೋದಂತೆ ಏರುವ ಹಾಗೆ ಒಪ್ಪಂದ ಬರೆದರು: ಮೊದಲ ವರ್ಷ 1.2 ಕೋಟಿ, ಕೊನೆಯ ವರ್ಷ, ಅಂದ್ರೆ 41ರ ವಯಸ್ಸಿಗೆ, 3 ಕೋಟಿ ಡಾಲರ್. ಏಂಜಲ್ಸ್‌ನಲ್ಲಿ ಅವರ ಸರಾಸರಿ .256. 2021ರ ಮೇ ತಿಂಗಳಲ್ಲಿ ತಂಡವೇ ಬಿಟ್ಟುಕೊಟ್ಟಿತು.

ಒಂದು ವರ್ಷದ ನಂತರ, 2012ರ ಡಿಸೆಂಬರ್‌ನಲ್ಲಿ ಜಾಶ್ ಹ್ಯಾಮಿಲ್ಟನ್: 5 ವರ್ಷಕ್ಕೆ 12.5 ಕೋಟಿ. ಎರಡೇ ಸೀಸನ್ ಆಡಿಸಿ, 2015ರಲ್ಲಿ ಹಳೇ ತಂಡಕ್ಕೆ ವಾಪಸ್ ಕಳಿಸಿದರು. ಉಳಿದ ಸಂಬಳದ ಬಹುಪಾಲನ್ನು ಏಂಜಲ್ಸೇ ಕಟ್ಟಿತು. 2019ರ ಡಿಸೆಂಬರ್‌ನಲ್ಲಿ ಆಂಥನಿ ರೆಂಡನ್: 7 ವರ್ಷಕ್ಕೆ 24.5 ಕೋಟಿ. ಗಾಯದ ಮೇಲೆ ಗಾಯ. ಮೊದಲ ಐದು ಸೀಸನ್‌ಗಳಲ್ಲಿ ತಂಡ ಆಡಿದ್ದು 708 ಪಂದ್ಯ, ರೆಂಡನ್ ಆಡಿದ್ದು 257.

ನನಗೆ ನಿಜಕ್ಕೂ ಹೊಟ್ಟೆ ಉರಿಸೋದು ಇದಲ್ಲ, ಮೈಕ್ ಟ್ರೌಟ್ ಕತೆ. 2008ರ ಚಳಿಗಾಲದಲ್ಲಿ ಏಂಜಲ್ಸ್‌ನ ಮಾರ್ಕ್ ಟೆಶೇರಾ ನ್ಯೂಯಾರ್ಕ್ ಯಾಂಕೀಸ್‌ಗೆ ಹೋದರು. ಆಗಿನ ನಿಯಮದ ಪ್ರಕಾರ, ಆಟಗಾರನನ್ನು ಕಳೆದುಕೊಂಡ ತಂಡಕ್ಕೆ ಪರಿಹಾರವಾಗಿ ಡ್ರಾಫ್ಟ್‌ನಲ್ಲಿ, ಅಂದ್ರೆ ಶಾಲಾ-ಕಾಲೇಜು ಹುಡುಗರನ್ನು ಸರದಿಯಂತೆ ಆರಿಸುವಾಗ, ಎದುರು ತಂಡದ ಸರದಿ ಸಿಗ್ತಿತ್ತು. ಹಾಗೆ 2009ರಲ್ಲಿ 25ನೇ ಸರದಿಯಲ್ಲಿ ಏಂಜಲ್ಸ್‌ಗೆ ಸಿಕ್ಕ ಹುಡುಗ ಟ್ರೌಟ್. 2012ರಲ್ಲಿ, ಪುಹೋಲ್ಸ್ ಬಂದ ಮೊದಲ ಸೀಸನ್‌ನಲ್ಲೇ, ಅಲ್ಲಿನ ಅತ್ಯುತ್ತಮ ಆಟಗಾರ 24 ಕೋಟಿಯ ಪುಹೋಲ್ಸ್ ಅಲ್ಲ. ವರ್ಷಕ್ಕೆ 5 ಲಕ್ಷ ಡಾಲರ್ ಕೂಡ ಇಲ್ಲದ ಟ್ರೌಟ್.

ತಮಾಷೆ ಏನು ಗೊತ್ತಾ? ಪುಹೋಲ್ಸ್‌ರನ್ನು ಕೊಂಡಿದ್ದಕ್ಕೆ ಏಂಜಲ್ಸ್ ತನ್ನ ಸರದಿಯನ್ನು ಕಾರ್ಡಿನಲ್ಸ್‌ಗೆ ಬಿಟ್ಟುಕೊಡಬೇಕಾಯ್ತು. ಅದರಲ್ಲಿ ಅವರು ಆರಿಸಿದ್ದು ಮೈಕಲ್ ವಾಕಾ ಎಂಬ ಪಿಚರ್‌ನನ್ನು. 2013ರಲ್ಲಿ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ತಲುಪಿದಾಗ, ಅದಕ್ಕೂ ಮೊದಲಿನ ಸರಣಿಯ ಎಂವಿಪಿ ಅವನೇ. ಅಂದ್ರೆ ಕಳೆದುಕೊಂಡವರಿಗೆ ನಿಧಿ ಸಿಕ್ಕಿದ್ದನ್ನ ಏಂಜಲ್ಸ್ ತನ್ನ ಮನೆಯಲ್ಲೇ ನೋಡಿತ್ತು. ಆದರೂ ಹಿತ್ತಲ ಗಿಡ ಮದ್ದಲ್ಲ!

ಹಾಗಂತ ಖರ್ಚು ಮಾಡೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಅದೇ 2008ರ ಚಳಿಗಾಲದಲ್ಲಿ ಯಾಂಕೀಸ್ ಟೆಶೇರಾ ಜೊತೆಗೆ ಸಿ.ಸಿ. ಸಬಾತಿಯಾ, ಎ.ಜೆ. ಬರ್ನೆಟ್ ಎಂಬ ಇಬ್ಬರು ಪಿಚರ್‌ಗಳನ್ನೂ ತಂದು, 2009ರಲ್ಲಿ ಕಪ್ ಗೆದ್ದಿತು. ಅವರ ಹತ್ತಿರ ಆಗಲೇ ಗಟ್ಟಿ ತಂಡವಿತ್ತು. ದುಡ್ಡು ಕೊಟ್ಟು ತುಂಬಿದ್ದು ಉಳಿದ ಜಾಗಗಳನ್ನ. ಏಂಜಲ್ಸ್ ಮಾತ್ರ ಪಿಚರ್‌ಗಳ ಕೊರತೆ ಎದ್ದು ಕಾಣ್ತಿದ್ದ ವರ್ಷಗಳಲ್ಲೂ ಪೋಸ್ಟರ್‌ಗೆ ಹಾಕಬಹುದಾದ ಬ್ಯಾಟರ್‌ಗಳ ಹಿಂದೆ ಓಡಿತು. ತಳಪಾಯ ಹಾಕದೆ ಮಾಳಿಗೆಗೆ ಬಣ್ಣ ಬಳಿದ ಹಾಗೆ.

ಫಲಿತಾಂಶ? ಟ್ರೌಟ್ 2014, 2016, 2019ರಲ್ಲಿ ಎಂವಿಪಿ. ಆದರೆ 2025ರ ಸೀಸನ್ ಮುಗಿಯುವವರೆಗೂ ಅವರು ಆಡಿದ ಪ್ಲೇಆಫ್ ಪಂದ್ಯಗಳು ಮೂರೇ ಮೂರು. 2014ರಲ್ಲಿ ತಂಡ 98 ಪಂದ್ಯ ಗೆದ್ದು ಪ್ಲೇಆಫ್‌ಗೆ ಹೋಗಿ, ಕ್ಯಾನ್ಸಸ್ ಸಿಟಿ ವಿರುದ್ಧ ಮೂರನ್ನೂ ಸೋತಿತು. 23ನೇ ವಯಸ್ಸಿನಲ್ಲಿ, ಹೊಸಬರ ನಿಯಮದಿಂದಾಗಿ ಬರೀ 23 ಲಕ್ಷ ಡಾಲರ್ ಬೋನಸ್‌ಗೆ ಬಂದ ಶೋಹೆ ಓಟಾನಿ 2018ರಿಂದ 2023ರವರೆಗೆ ಆರು ಸೀಸನ್ ಇಲ್ಲಿದ್ದರು. ಆ ಆರರಲ್ಲಿ ಒಂದರಲ್ಲೂ ತಂಡ ಸೋತದ್ದಕ್ಕಿಂತ ಹೆಚ್ಚು ಗೆಲ್ಲಲಿಲ್ಲ. ಓಟಾನಿ 70 ಕೋಟಿ ಡಾಲರ್‌ಗೆ ಪಕ್ಕದ ಡಾಡ್ಜರ್ಸ್ ಸೇರಿ 2024, 2025 ಎರಡೂ ವರ್ಷ ಕಪ್ ಎತ್ತಿದರು. ಅವರಿಲ್ಲದ ಮೊದಲ ವರ್ಷ ಏಂಜಲ್ಸ್ ಸೋತದ್ದು 99 ಪಂದ್ಯ. ಅದು ತಂಡದ ಇತಿಹಾಸದಲ್ಲೇ ಅತಿ ಹೆಚ್ಚು.

ಇಂಥ ಒಪ್ಪಂದ ಕೈಕೊಟ್ಟಾಗ ಜನ ಬೈಯೋದು ಆಟಗಾರನನ್ನ. ‘ದುಡ್ಡು ತಗೊಂಡು ಮಲಗಿದ’ ಅಂತ. ನನಗೆ ಅದು ಅನ್ಯಾಯ ಅನಿಸುತ್ತೆ. ಕರ್ಟ್ ಫ್ಲಡ್ ತನ್ನ ಕೆರಿಯರ್ ಕಳೆದುಕೊಂಡಿದ್ದು ಆಟಗಾರನಿಗೆ ತನ್ನ ಬೆಲೆ ಕೇಳುವ ಹಕ್ಕು ಬರಲಿ ಅಂತ. ಕೇಳಿದವನು ತಪ್ಪಿತಸ್ಥ ಅಲ್ಲ. ಕೊಂಡವನು ಲೆಕ್ಕ ಕೊಡಬೇಕು: 2003ರಿಂದ ತಂಡದ ಮಾಲೀಕರಾಗಿರುವ ಆರ್ಟಿ ಮೊರೆನೊ ಮತ್ತು ಅವರ ಆಡಳಿತ. ದುಡ್ಡು ಹೋದರೆ ಟಿವಿ ಒಪ್ಪಂದದಿಂದ, ಟಿಕೆಟ್‌ನಿಂದ ಮತ್ತೆ ಬರುತ್ತೆ. ಟ್ರೌಟ್‌ನ ಇಪ್ಪತ್ತರ ಹರೆಯ ವಾಪಸ್ ಬರಲ್ಲ.

ಮುಂದಿನ ಬಾರಿ ಯಾವುದೇ ತಂಡ ದೊಡ್ಡ ಹೆಸರಿಗೆ ದೊಡ್ಡ ಮೊತ್ತ ಕೊಟ್ಟಿತು ಅಂತ ನೋಟಿಫಿಕೇಶನ್ ಬಂದಾಗ ಎಷ್ಟು ಕೊಟ್ಟರು ಅಂತ ಮಾತ್ರ ನೋಡ್ಬೇಡಿ. ವಯಸ್ಸೆಷ್ಟು, ತಂಡದಲ್ಲಿ ಕೊರತೆ ಇರೋದು ಎಲ್ಲಿ, ಈ ದುಡ್ಡಿಂದ ಯಾವ ಹುಡುಗನ ಜಾಗ ಹೋಯ್ತು, ಈ ಮೂರನ್ನ ಕೇಳಿ.